ಮಂಡಿ ಊರಲೊಲ್ಲದ ಕಾರು

ಪುಣೆಯ ಧನಕವಡಿಯ ಗ್ಯಾರೇಜಿನ ಅಂಬಾರಾಯನ ಬಾಯಿಂದ ಆಗಾಗ ಹೊರಡುವ ‘ಶ್ಶ್’ ಎಂಬ ಸದ್ದಿನ ಮಹಿಮೆಯನ್ನು ಆ ಬೀದಿಯವರ ಬಾಯಲ್ಲೇ ಕೇಳಬೇಕು. ಒಮ್ಮೆ ಮದುವೆಯ ಮೆರವಣಿಗೆಯೊಂದು ಗ್ಯಾರೇಜಿನ ಮುಂದೆ ಹಾಯುತ್ತಿದ್ದಾಗ ಅವನು ಕಾರಿನ ಅಡಿಯಿಂದ ತಲೆ ಹೊರಹಾಕಿ ‘ಶ್ಶ್’ ಅಂದನಂತೆ. ಬ್ಯಾಂಡಿನವನ ತುತ್ತೂರಿ ತುಟಿಗೇ ಅಂಟಿಕೊಂಡಿತು, ಮದುಮಗನ ಕುದುರೆ ಎತ್ತಿದ ಕಾಲನ್ನು ಇಳಿಸಲಿಲ್ಲ, ಅತ್ತು ರಂಪ ಮಾಡುತ್ತಿದ್ದ ಮದುಮಗನ ತಂಗಿಯ ಕೂಸು ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಗಣಪತಿ ಕಳಿಸುವ ದಿನ ಢೋಲು ಬಡಿಯುವವರ ಕೋಲುಗಳು ಗಾಳಿಯಲ್ಲಿ ನಿಂತದ್ದನ್ನು ಕಂಡವರಿದ್ದಾರೆ. ಎದುರು ಚಾಳಿನ ಅತ್ತೆ ಸೊಸೆಯ ಜಗಳ ಊಟ ನಿದ್ದೆಗಳ ಹೊರತಾಗಿ ಬೇರೆ ಕಾರಣಕ್ಕೆ ನಿಂತದ್ದೆಂದರೆ ಅಂಬಾರಾಯನ ‘ಶ್ಶ್’ನಿಂದ ಮಾತ್ರ. ಪಕ್ಕದ ಚಹಾದಂಗಡಿಯವನಂತೂ ತನ್ನ ಸ್ಟೋವಿನ ಉರಿ ಕೂಡ ಆ ಸದ್ದಿಗೆ ಸಣ್ಣದಾಗುತ್ತದೆಂದು ಗಿರಾಕಿಗಳಿಗೆ ಆಣೆ ಮಾಡಿ ಹೇಳುತ್ತಾನೆ. ಚಹಾ ತಡವಾದ ದಿನ ವಿಶೇಷವಾಗಿ ಹೇಳುತ್ತಾನೆ.

ಇಷ್ಟೆಲ್ಲ ಪುರಾಣದ ಮೂಲ ಮಾತ್ರ ಬಹಳ ಸಣ್ಣದು. ಅಂಬಾರಾಯ ರಿಪೇರಿ ಮಾಡುವುದು ಗಾಳಿಯ ಮೇಲೆ ನಿಲ್ಲುವ ಕಾರುಗಳನ್ನು. ಬಡವರ ಕಾರಿಗೆ ಗಾಲಿಯ ಮೇಲೆ ಕಬ್ಬಿಣದ ಸ್ಪ್ರಿಂಗು. ಭಾರಿ ಕಾರುಗಳಿಗೆ ಆ ಜಾಗದಲ್ಲಿ ದಪ್ಪ ರಬ್ಬರಿನ ಗಾಳಿಚೀಲ. ಒಳಗಿರುವ ಕಂಪ್ರೆಸರು ಗಾಳಿ ತುಂಬಿದರೆ ಕಾರು ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಚೀಲದಲ್ಲಿ ಕೂದಲೆಳೆಯಷ್ಟು ಸೀಳು ಬಿದ್ದರೂ ರಾತ್ರಿ ರಾಜನಂತೆ ನಿಂತ ಕಾರು ಬೆಳಿಗ್ಗೆ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿರುತ್ತದೆ. ಆ ಗಾಳಿ ಸೋರುವ ಸದ್ದು ಕೇಳಬೇಕೆಂದರೆ ಜಗತ್ತು ಸ್ವಲ್ಪ ಸುಮ್ಮನಿರಬೇಕು. ಪುಣೆಯಲ್ಲಿ ಜಗತ್ತು ಸುಮ್ಮನಿರುವುದಿಲ್ಲ. ಆದ್ದರಿಂದ ‘ಶ್ಶ್’.

ಅವನು ಹುಟ್ಟು ಮೆಕ್ಯಾನಿಕನಲ್ಲ. ಚಿತ್ತಾಪುರದ ಕಡೆಯಿಂದ ಅಪ್ಪ ಅವ್ವನ ಹಿಂದೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು, ನೆಲಕ್ಕೆ ಫರಸಿ ಕಲ್ಲು ಹಾಸುವ ಗೌಂಡಿಯಾದವನು. ಅವನ ಊರಿನ ಕಡೆಯ ಶಹಾಬಾದಿ ಕಲ್ಲು, ಅವನ ಊರಿನ ಕಡೆಯ ಕೈ; ಎರಡೂ ಪುಣೆಯವರ ಪಾದದಡಿಯಲ್ಲಿ ಬಿದ್ದಿದ್ದವು. ಒಂದು ದೊಡ್ಡ ಗ್ಯಾರೇಜಿನಲ್ಲಿ ಫರಸಿ ಹಾಸುತ್ತಿದ್ದಾಗ, ಅಲ್ಲಿ ಎದ್ದು ಕೂತು ಮಾಡುತ್ತಿದ್ದ ಕಾರೊಂದನ್ನು ನೋಡಿ ಅವನಿಗೆ ಹುಚ್ಚು ಹಿಡಿಯಿತು. ಕರಣಿ ಕೆಳಗಿಟ್ಟು ಕಾರಿನ ಸುತ್ತ ಸುಳಿದಾಡಿ ಫೋರ್ಮನ್ನನ ಕೈಯಲ್ಲಿ ಬೈಸಿಕೊಂಡ. ಮರುದಿನವೂ ಬೈಸಿಕೊಂಡ. ಬೈದು ಬೈದು ಸುಸ್ತಾದ ಫೋರ್ಮನ್ ಕೊನೆಗೆ ಅವನ ಕೈಗೆ ಸಾಬೂನು ನೀರಿನ ಬಾಟಲಿ ಕೊಟ್ಟು, ಎಲ್ಲಿ ಗುಳ್ಳೆ ಏಳುತ್ತದೆ ಹುಡುಕು ಎಂದ. ಅಂಬಾರಾಯ ಹುಡುಕುತ್ತಲೇ ಮೆಕ್ಯಾನಿಕನಾದ, ಹುಡುಕುತ್ತಲೇ ಧನಕವಡಿಯಲ್ಲಿ ಸ್ವಂತ ಶೆಡ್ಡು ಹಾಕಿದ. ಶೆಡ್ಡಿನ ನೆಲವನ್ನು ಮಾತ್ರ ಬೇರೆಯವರ ಕೈಗೆ ಬಿಡಲಿಲ್ಲ. ಹೆಂಡತಿ ಮಾನಮ್ಮ ಕಲ್ಲು ಎತ್ತಿಕೊಟ್ಟಳು, ಇವನು ಹಾಸಿದ. ಬಂದ ಗಿರಾಕಿ ಕಾರಿನ ವಿಷಯ ತೆಗೆಯುವ ಮೊದಲೇ ಆ ನೆಲವನ್ನು ಹೊಗಳಿದರೆ ಅಂಬಾರಾಯನ ಮುಖ ಅರಳುತ್ತಿತ್ತು.

ಇಂಥ ಅಂಬಾರಾಯನ ಬಾಗಿಲಿಗೆ ಒಂದು ಸೋಮವಾರ ಟೋ ಲಾರಿಯ ಬೆನ್ನೇರಿ ಕಪ್ಪು ಬಣ್ಣದ ದೊಡ್ಡ ಎಸ್‌ಯುವಿಯೊಂದು ಬಂತು. ಅದರ ಎಡಗಡೆಯ ಹಿಂಭಾಗ ನೆಲ ಕಚ್ಚಿತ್ತು. ಜೊತೆಗೆ ಬಂದವನು ಮಿಥುನ ಎಂಬ ಹುಡುಗ, ಮೈಸೂರಿನವನು, ಇಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ.

“ಬಾಸ್, ಸೀರಿಯಸ್ಲಿ, ಸಂಡೇ ಒಳಗೆ ಆಗ್ಬೇಕು. ಸರ್ವಿಸ್ ಸೆಂಟರ್‌ನಲ್ಲಿ ಪಾರ್ಟ್ ಬರೋಕೇ ಒಂದು ತಿಂಗಳು ಅಂತಿದ್ದಾರೆ,” ಎಂದ ಮಿಥುನ.

“ಆಯ್ತವಾರಕ್ಕ ಎಲ್ಲಿಗಿ ಹೊಂಟೀರಿ?”

“ನಾನಲ್ಲ. ನಮ್ಮಜ್ಜಿ.”

ಅಜ್ಜಿಯ ಕಥೆ ಹೊರಬಿತ್ತು. ಪುಟ್ಟತಾಯಮ್ಮನವರಿಗೆ ಎರಡೂ ಮಂಡಿಗಳ ಆಪರೇಷನ್ ಆಗಿತ್ತು. ಎತ್ತರದ ಕಾರು ಹತ್ತಲಾಗದು, ಸಣ್ಣ ಕಾರಿನಲ್ಲಿ ಕೂತರೆ ಏಳಲಾಗದು. ಒಮ್ಮೆ ಮಣೆ ಇಟ್ಟು ಹತ್ತಿಸಹೋಗಿ ಮಣೆ ಜಾರಿ ಬಿದ್ದರು. ಮಣೆಯ ಸಹವಾಸ ಅಂದಿಗೆ ಮುಗಿಯಿತು. ಆಮೇಲೊಮ್ಮೆ ಮದುವೆ ಛತ್ರದ ಮುಂದೆ, ಕುಂಕುಮ ಕೊಡುವ ಹೆಂಗಸರೆಲ್ಲ ನೋಡುತ್ತಿರುವಂತೆ, ಇಬ್ಬರು ನೆಂಟರು ಅವರನ್ನು ಅನಾಮತ್ತಾಗಿ ಎತ್ತಿ ಕಾರಿನೊಳಗೆ ತುರುಕಿದರು. ಮನೆಗೆ ಬಂದ ಪುಟ್ಟತಾಯಮ್ಮ, ತಾನು ಅಕ್ಕಿ ಮೂಟೆಯಲ್ಲ, ಇನ್ನು ಮೇಲೆ ತನ್ನ ಕಾಲಲ್ಲಿ ತಾನೇ ಹತ್ತುವ ಗಾಡಿ ಇದ್ದರೆ ಹೊರಗೆ, ಇಲ್ಲದಿದ್ದರೆ ಮನೆಯೇ ಕೈಲಾಸ ಎಂದು ಘೋಷಿಸಿ ಸೋಫಾದ ಮೇಲೆ ಕುಳಿತರು. ಕುಳಿತವರು ತಿಂಗಳುಗಟ್ಟಲೆ ಏಳಲಿಲ್ಲ.

ಆಗ ಮಿಥುನ ಹುಡುಕಿ ಹುಡುಕಿ ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಗುಂಡಿಯೊಂದನ್ನು ಒತ್ತಿದರೆ ಇದು ಗಾಳಿ ಬಿಟ್ಟು, ಮಾವುತನ ಮಾತು ಕೇಳಿದ ಆನೆಯಂತೆ ಮೆಲ್ಲನೆ ತಗ್ಗುತ್ತಿತ್ತು. ಪುಟ್ಟತಾಯಮ್ಮ ಹಿಂದಿನ ಎಡಬಾಗಿಲ ಹಿಡಿ ಹಿಡಿದು, ಒಂದು ಕಾಲು ಇಟ್ಟು, ಯಾರ ಹಂಗೂ ಇಲ್ಲದೆ ಒಳಗೆ ಕೂರುತ್ತಿದ್ದರು. ಈಗ ಆ ಆನೆಗೇ ಕಾಲು ಬಿದ್ದುಹೋಗಿತ್ತು. ಭಾನುವಾರ ರಾಂಜಣಗಾಂವದಲ್ಲಿ ಅವರ ತಮ್ಮ ಚಲುವರಾಜು ಅವರ ಹೊಸ ಮನೆಯ ಗೃಹಪ್ರವೇಶ. ತಾಯಿಯಿಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಪುಟ್ಟತಾಯಮ್ಮ. ಅಕ್ಕ ಬಂದು ಮೊದಲು ಹೊಸ್ತಿಲು ದಾಟದೆ ತಾನು ಒಳಗೆ ಹೋಗುವುದಿಲ್ಲವೆಂದು ತಮ್ಮನ ಹಟ. ಎತ್ತಿ ಕೂರಿಸುವುದಾದರೆ ಬರುವುದೇ ಇಲ್ಲವೆಂದು ಅಕ್ಕನ ಹಟ.

“ನಿಮ್ಮ ಮನ್ಯಾಗ ಹಟ ಭಾಳ ಅದ ಬಿಡ್ರಿ,” ಎಂದ ಅಂಬಾರಾಯ. ಅವನ ಕಣ್ಣು ಹೊಳೆಯುತ್ತಿತ್ತು. ತನ್ನಂಥದೇ ಹಟಮಾರಿಗಳು ಸಿಕ್ಕಾಗ ಯಾರಿಗಾದರೂ ಆಗುವ ಸಂತೋಷ ಅದು. “ಅವ್ವಾರಿಗಿ ಹೇಳ್ರಿ, ಸೀರಿ ಇಸ್ತ್ರಿ ಮಾಡಿಸಿ ಇಟ್ಟಿರ್ಲಿ. ತಮ್ಮ ಕಾಲಾಗ ತಾವೇ ಹತ್ತಿ ಹೋಗ್ತಾರ.”

ಮಾತು ಕೊಟ್ಟ ಮೇಲೆ ಯುದ್ಧ ಶುರುವಾಯಿತು. ಸ್ಕ್ಯಾನರ್ ಹಚ್ಚಿದರೆ, ಕಂಪ್ರೆಸರು ದಣಿಯುವಷ್ಟು ಓಡಿದರೂ ಗಾಳಿಯ ಒತ್ತಡ ಏರುತ್ತಿಲ್ಲ ಎಂದು ತೋರಿಸಿತು. ಕಂಪ್ರೆಸರನ್ನೇ ಬದಲಿಸಿಬಿಡೋಣವೇ ಎಂದ ಮಿಥುನ.

“ಕೊಡದಾಗ ನೀರು ನಿಲ್ಲಂಗಿಲ್ಲಂದ್ರ ಬಾವಿ ತೋಡಿಸ್ತೀರೇನ್ರಿ? ಮೊದಲ ತೂತು ಹುಡುಕೂಣು.”

ಅಂಬಾರಾಯ ಕಾರಿನಡಿ ತೂರಿದ. ‘ಶ್ಶ್’ ಅಂದ. ಬೀದಿ ತನ್ನ ಪಾಲಿನ ಮೌನವನ್ನು ಕೊಟ್ಟಿತು. ಏನೂ ಕೇಳಲಿಲ್ಲ. ಗಾಳಿಯನ್ನು ನಾಲ್ಕೂ ಗಾಲಿಗೆ ಹಂಚುವ ವಾಲ್ವಿನ ಡಬ್ಬಿಗೆ ಸಾಬೂನು ನೀರು ಹೊಡೆದ, ಗುಳ್ಳೆಯಿಲ್ಲ. ಪೈಪಿನ ಕೀಲುಗಳಿಗೆ ಹೊಡೆದ, ಇಲ್ಲ. ಎಡ ಹಿಂದಿನ ಚೀಲಕ್ಕೇ ಹೊಡೆದ. ಅದು ಸಾಬೂನು ಹಚ್ಚಿಕೊಂಡು ಸ್ನಾನಕ್ಕೆ ಕೂತ ಅಳಿಯನಂತೆ ಥಳಥಳ ಹೊಳೆಯಿತೇ ಹೊರತು ಒಂದು ಗುಳ್ಳೆ ಬಿಡಲಿಲ್ಲ. ಮಧ್ಯಾಹ್ನ ಮಾನಮ್ಮ ತಂದ ರೊಟ್ಟಿ ಬುತ್ತಿ ಆರಿತು. ಚಹಾದಂಗಡಿಯವನು ಸದ್ದಿಲ್ಲದೆ ಗ್ಲಾಸು ತೊಳೆದು ಬೇಸತ್ತ.

“ಉಣ್ಣಂಗಿಲ್ಲೇನ್ರಿ?” ಎಂದಳು ಮಾನಮ್ಮ.

“ಇದು ನಿಂತಾಗ ಸೋರ್ತದ, ಕುಂತಾಗ ಸೋರಂಗಿಲ್ಲ,” ಎಂದು ಕಾರಿನಡಿಯಿಂದ ಉತ್ತರ ಬಂತು.

ಹೊಳೆದದ್ದು ಅದೇ. ಕೂತ ಕಾರಿನ ಚೀಲ ಮಡಿಕೆ ಬಿದ್ದಿರುತ್ತದೆ; ಸೀಳು ಇರುವುದು ಮಡಿಕೆಯ ಒಳಗೆ. ಕಾರು ಎದ್ದರೆ ಮಡಿಕೆ ಬಿಚ್ಚೀತು, ಆದರೆ ಕಾರು ಏಳುವುದಿಲ್ಲ. ಅಂಬಾರಾಯ ಕಾರಿನ ಬುದ್ಧಿಯನ್ನು ಬದಿಗಿಟ್ಟು ಗ್ಯಾರೇಜಿನ ಗಾಳಿಯ ಪೈಪನ್ನೇ ನೇರವಾಗಿ ಚೀಲಕ್ಕೆ ಕೊಟ್ಟ. ಹಿಂಭಾಗ ನರಳುತ್ತ ಎದ್ದಿತು. ಮಡಿಕೆ ಬಿಚ್ಚಿತು. ಅಲ್ಲಿ, ಬಚ್ಚಲ ಮೂಲೆಯಲ್ಲಿ ಅಡಗಿದ್ದ ಕಳ್ಳ ಕೆಮ್ಮಿದಂತೆ, ಪುಳಪುಳನೆ ಗುಳ್ಳೆಗಳೆದ್ದವು. ಆ ಮೇಲೆ ಅವನು ಕೂಗಿದ ಕೂಗಿಗೆ ಎದುರು ಚಾಳಿನ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೊರಗೆ ಬಂದರು.

ಹೊಸ ಚೀಲ ಮುಂಬೈನಿಂದ ಬಂತು. ಸೊಟ್ಟಗಾಗಿದ್ದ ಎತ್ತರ ಅಳೆಯುವ ಸೆನ್ಸರನ್ನೂ ಬದಲಿಸಿದ್ದಾಯಿತು. ಈಗ ಉಳಿದದ್ದು ಒಂದೇ ಕೆಲಸ: ಹೊಸ ಸೆನ್ಸರಿಗೆ ‘ನೆಟ್ಟಗೆ ನಿಲ್ಲುವುದು’ ಎಂದರೆ ಏನೆಂದು ಕಲಿಸುವುದು. ಇದರ ಪುಸ್ತಕದ ವಿಧಾನ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಗಾಲಿಯ ನಡುವಿನಿಂದ ಅದರ ಮೇಲಿನ ಕಮಾನಿನ ಅಂಚಿನ ತನಕ ಟೇಪು ಹಿಡಿದು, ಆ ಅಳತೆಯನ್ನು ಸ್ಕ್ಯಾನರಿಗೆ ಹೇಳಬೇಕು. ಆದರೆ ಒಂದಲ್ಲ ಒಂದು ಗಾಲಿಯಲ್ಲಿ ಟೇಪು ಡೊಂಕಾಗುತ್ತದೆ, ನಡು ಯಾವುದೆಂದು ಕಣ್ಣು ಮೋಸ ಮಾಡುತ್ತದೆ. ಅಜ್ಜಿಯ ಕೆಲಸದಲ್ಲಿ ಮೋಸ ಬೇಡ. ಅಂಬಾರಾಯ ಅಟ್ಟದ ಮೇಲಿನಿಂದ ತನ್ನ ಬ್ರಹ್ಮಾಸ್ತ್ರ ಇಳಿಸಿದ.

ಅದು ಗೌಂಡಿಗಳ ಲೆವಲ್ ಪೈಪು. ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿದರೆ, ಅದರ ಎರಡು ತುದಿ ಎಲ್ಲೇ ಇರಲಿ, ನೀರು ಎರಡೂ ಕಡೆ ಸಮನಾಗಿ ನಿಲ್ಲುತ್ತದೆ. ಆ ಪೈಪು ಹಿಡಿದು ಅವನು ಬಂಗಲೆಗಳ ಪಾಯ ಸಮ ಮಾಡಿದ್ದ, ದೇವಸ್ಥಾನದ ಕಟ್ಟೆ ಸಮ ಮಾಡಿದ್ದ. ಈಗ ನಾಲ್ಕೂ ಕಮಾನಿನ ಅಂಚಿಗೆ ಪೈಪು ಹಿಡಿದು, ಒಂದೊಂದೇ ಮೂಲೆಗೆ ಗಾಳಿ ತುಂಬಿ ಬಿಟ್ಟು, ನೀರಿನ ಗೆರೆ ನಾಲ್ಕೂ ಕಡೆ ಒಂದೇ ಆಗುವ ತನಕ ಉಸಿರು ಬಿಡಲಿಲ್ಲ. ಆಮೇಲೆ ಸ್ಕ್ಯಾನರಿಗೆ, ಇದೇ ನೆಟ್ಟಗಿನ ಎತ್ತರ, ನೆನಪಿಟ್ಟುಕೋ ಎಂದು ಗುಂಡಿ ಒತ್ತಿದ. ಎಚ್ಚರಿಕೆಯ ದೀಪ ಆರಿತು. ಕಾರು ಸಮುದ್ರದಷ್ಟು ಸಮನಾಗಿ ನಿಂತಿತು.

“ಕಂಪನಿಯವ್ರು ಬಂದು ನೋಡ್ಬೇಕು ಇದನ್ನ,” ಎಂದ ಅಂಬಾರಾಯ, ಯಾರಿಗೂ ಅಲ್ಲದಂತೆ, ಎಲ್ಲರಿಗೂ ಕೇಳುವಂತೆ.

ಗುರುವಾರ ಸಂಜೆ ಮಿಥುನನ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ ಪರೀಕ್ಷೆ ಏರ್ಪಾಟಾಯಿತು. ಪುಟ್ಟತಾಯಮ್ಮ ಲಿಫ್ಟಿನಿಂದ ಕೋಲೂರುತ್ತ ಹೊರಬಂದರು. ಎತ್ತರದ ಆಳು, ಚೂಪು ಕಣ್ಣು. ಮಿಥುನ ಗುಂಡಿ ಒತ್ತಿದ. ಕಾರು ನಿಟ್ಟುಸಿರು ಬಿಟ್ಟು ತಗ್ಗಿತು. ಅಂಬಾರಾಯ ಹೂವಿನ ಹಾರ ಬೀಳುವುದನ್ನು ಕಾಯುವ ಮುಖಂಡನಂತೆ ನಿಂತ.

ಪುಟ್ಟತಾಯಮ್ಮ ಬಾಗಿಲ ಹಿಡಿ ಹಿಡಿದರು. ಕಾಲೆತ್ತಿದರು. ಕಾಲು ಅಂಚಿನ ಹತ್ತಿರ ಹೋಗಿ ತಡೆಯಿತು. ಇನ್ನೊಮ್ಮೆ ಎತ್ತಿದರು. ನೋವಿಗೆ ಮುಖ ಕಿವುಚಿತು. ಕಾಲು ಇಳಿಸಿದರು.

“ಎತ್ತರ ಕಣಪ್ಪ.”

“ಎತ್ತರ ಇಲ್ರಿ ಅವ್ವಾ, ಪೂರಾ ಕೆಳಗ ಬಂದದ.”

“ಬಲಗಡೆ ಬಂದಿರಬೋದು. ಈ ಕಡೆ ಬಂದಿಲ್ಲ. ಮೊದಲು ಇಷ್ಟಿರಲಿಲ್ಲ.”

“ನಾ ನೀರಿಟ್ಟು ಅಳದೀನ್ರಿ!”

“ನಾನು ಮಂಡಿ ಇಟ್ಟು ಅಳೀತಿದೀನಿ,” ಎಂದರು ಪುಟ್ಟತಾಯಮ್ಮ. “ನಿನ್ನ ನೀರಿಗೆ ನೋವಾಗುತ್ತಾ? ನನ್ನ ಮಂಡಿಗೆ ಆಗುತ್ತೆ.”

ಮಿಥುನ ಮೆತ್ತಗೆ, “ಅಜ್ಜಿ, ಜಸ್ಟ್ ಈ ಒಂದ್ಸಲ ನಾನು ಸ್ವಲ್ಪ ಸಪೋರ್ಟ್ ಮಾಡಿದ್ರೆ...” ಎಂದ.

“ಮುಟ್ಟು ನೋಡ್ತೀನಿ,” ಎಂದರು ಪುಟ್ಟತಾಯಮ್ಮ, ಕೋಲನ್ನು ಸ್ವಲ್ಪ ಮೇಲೆತ್ತಿ. ಮಿಥುನ ಮುಟ್ಟಲಿಲ್ಲ. ಅವರು ಲಿಫ್ಟಿನ ಕಡೆ ತಿರುಗಿದರು. ತಿರುಗುವಾಗ ಧ್ವನಿ ಸಣ್ಣದಾಯಿತು. “ಚಲುವನಿಗೆ ಫೋನ್ ಮಾಡಿ ಹೇಳ್ಬಿಡು ಮಿಥುನ. ಅಕ್ಕ ಬರೋದು ಕಾಯ್ಬೇಡ, ಮುಹೂರ್ತ ಮೀರಿಸ್ಬೇಡ ಅನ್ನು.”

“ಫೋನ್ ಮಾಡಬ್ಯಾಡ್ರಿ,” ಎಂದ ಅಂಬಾರಾಯ. ಅವನ ಧ್ವನಿಯಲ್ಲಿ ಪುಟ್ಟತಾಯಮ್ಮನವರೇ ತಿರುಗಿ ನೋಡುವಂಥದ್ದೇನೋ ಇತ್ತು. “ಇವತ್ತು ಇನ್ನಾ ಗುರುವಾರ ಅದ.”

ಸ್ಕೂಟರಿನ ಡಿಕ್ಕಿಯಿಂದ ಲೆವಲ್ ಪೈಪು ಬಂತು. ಕಾರನ್ನು ಮತ್ತೆ ಮಾಮೂಲು ಎತ್ತರಕ್ಕೆ ಏರಿಸಿ ಕಮಾನಿಗೆ ಹಿಡಿದರೆ, ಎಡಗಡೆ ಬಲಗಡೆಗಿಂತ ಎರಡು ಬೆರಳು ಎತ್ತರ! ಅಂಬಾರಾಯ ತಣ್ಣಗೆ, ಈ ಬಿಲ್ಡರನ ನೆಲವೇ ಸೊಟ್ಟ ಎಂದು ತೀರ್ಪು ಕೊಟ್ಟ. ನೆಲಕ್ಕೂ ಪೈಪು ಹಿಡಿದ. ನೆಲ ಸಮನಾಗಿತ್ತು. ಪೈಪು ತಿರುಗಿಸಿ ಹಿಡಿದ. ಆಗಲೂ ನೆಲ ಸಮನಾಗಿಯೇ ಇತ್ತು. ಅಷ್ಟು ವರ್ಷ ಅನ್ನ ಕೊಟ್ಟ ಪೈಪು ಪರರ ಪಾರ್ಕಿಂಗಿನಲ್ಲಿ, ಪರರ ಅಜ್ಜಿಯ ಎದುರು, ಒಡೆಯನ ವಿರುದ್ಧ ಸಾಕ್ಷಿ ನುಡಿಯಿತು.

ಕಾರು ಮತ್ತೆ ಧನಕವಡಿಗೆ ಬಂತು. ಶುಕ್ರವಾರ ಬೆಳಿಗ್ಗೆ ಅಂಬಾರಾಯ ಶೆಡ್ಡಿನಲ್ಲಿ ಪೈಪು ಹಿಡಿದು ನೋಡಿದ: ನೀರು ನಾಲ್ಕೂ ಕಡೆ ಸಮ. ಅಲ್ಲಿ ಸೊಟ್ಟ, ಇಲ್ಲಿ ನೆಟ್ಟಗೆ. ಇದೇನು ಕಾರೋ, ಮಾವನ ಮನೆಯಲ್ಲೊಂದು ತನ್ನ ಮನೆಯಲ್ಲೊಂದು ಆಡುವ ಅಳಿಯನೋ? ಅವನು ಸೆನ್ಸರನ್ನು ಬೈದ. ಚೀಲ ಕಳಿಸಿದ ಮುಂಬೈಯವರನ್ನು ಬೈದ. ಬೈಯಲು ಯಾರೂ ಉಳಿಯದೆ ಕಾರಿನ ಎದುರು ಕುಕ್ಕರಗಾಲಲ್ಲಿ ಕೂತು ಅದನ್ನೇ ದಿಟ್ಟಿಸಿದ.

ಮಾನಮ್ಮ ಎಂದಿನಂತೆ ಶೆಡ್ಡು ತೊಳೆಯಲು ಕೊಡ ತಂದಳು. “ಕಾಲ ತಗೀರಿ,” ಅಂದಳು. ಅವನು ತೆಗೆಯಲಿಲ್ಲ. ಅವಳು ಕೊಡ ಬಗ್ಗಿಸಿದಳು. ನೀರು ಬಲಗೋಡೆಯ ಬುಡದಿಂದ ಹೊರಟು, ಕಾರಿನಡಿ ನುಸುಳಿ, ಅಂಬಾರಾಯನ ಚಪ್ಪಲಿ ತೊಳೆದು, ಎಡಗಡೆಯ ಮೋರಿಗೆ ಸರಸರ ಹರಿಯಿತು. ಒಂದು ಹನಿ ನಿಲ್ಲಲಿಲ್ಲ.

ಅಂಬಾರಾಯ ಹರಿಯುವ ನೀರನ್ನು ನೋಡಿದ.

“ಮಾನಮ್ಮ, ಈ ನೆಲಕ್ಕ ಢಾಳ ಅದ.”

“ಇರಲಾರದಕ್ಕೇನಾಗ್ಯಾದ? ನೀವೇ ಬಿಟ್ಟೀರಿ. ಢಾಳ ಬಿಡಲಾರದ ಫರಸಿ ಹಾಸಿದಂವ ಗೌಂಡಿನೇ ಅಲ್ಲ ಅಂತ ಅವತ್ತು ಊರಿಗೆಲ್ಲ ಭಾಷಣ ಮಾಡೀರಿ. ಒಂದ್ ಕಲ್ಲಂತೂ ಮೂರು ಸಲ ಎತ್ತಿಸೀರಿ ನನ್ನ ಕೈಲಿ.”

ಹೌದು. ನೀರು ನಿಲ್ಲದೆ ಮೋರಿಗೆ ಹೋಗಲೆಂದು ನೆಲಕ್ಕೆ ಬಿಡುವ ಆ ಸಣ್ಣ ಇಳಿಜಾರೇ ಗೌಂಡಿಯ ಮರ್ಯಾದೆ. ಕಣ್ಣಿಗೆ ಕಾಣಬಾರದು, ನೀರಿಗೆ ಗೊತ್ತಾಗಬೇಕು. ಅಂಬಾರಾಯ ಎಷ್ಟು ಚಂದ ಬಿಟ್ಟಿದ್ದನೆಂದರೆ ಅವನ ಕಣ್ಣಿಗೂ ಕಂಡಿರಲಿಲ್ಲ. ಎಡಗಡೆಯ ಗಾಲಿಗಳು ತಗ್ಗಿನಲ್ಲಿ, ಬಲಗಡೆಯವು ದಿಣ್ಣೆಯಲ್ಲಿ. ಇವನು ಗಾಲಿಗಳ ಗೊಡವೆಗೆ ಹೋಗದೆ ಕಾರಿನ ಮೈಯನ್ನು ಬಂಗಲೆಯ ಪಾಯದಂತೆ ನೀರಿನ ಮಟ್ಟಕ್ಕೆ ತಂದ. ಅದಕ್ಕಾಗಿ ಎಡಗಡೆ ಚೀಲಗಳಿಗೆ ಎರಡು ಬೆರಳು ಹೆಚ್ಚು ಗಾಳಿ ತುಂಬಿದ. ಆಮೇಲೆ ಕಾರಿಗೆ ಇದೇ ನೆಟ್ಟಗೆ ಎಂದು ಪಾಠ ಹೇಳಿದ. ಪಾಪದ ಕಾರು ಕಲಿತದ್ದನ್ನು ಸಮನಾದ ನೆಲದಲ್ಲಿ ಒಪ್ಪಿಸಿತು, ಎಡಗಾಲಲ್ಲಿ ಎದ್ದುನಿಂತು. ಬಂಗಲೆ ಎಲ್ಲಿಗೂ ಹೋಗುವುದಿಲ್ಲ. ಕಾರು ಹೋಗುತ್ತದೆ. ಇಷ್ಟು ವರ್ಷ ಟೇಪು ಹಿಡಿದಾಗೆಲ್ಲ ಸರಿಯಾಗಿಯೇ ನಡೆದಿದ್ದ ಕೆಲಸ, ಹೆಚ್ಚು ಚೊಕ್ಕ ಮಾಡಹೋದ ಈ ಒಂದು ಸಲ ಕೆಟ್ಟಿತ್ತು.

“ನಗಬ್ಯಾಡ,” ಎಂದ ಅಂಬಾರಾಯ.

ಮಾನಮ್ಮ ಸೆರಗು ಬಾಯಿಗಿಟ್ಟುಕೊಂಡು ಶೆಡ್ಡಿನ ಹೊರಗೆ ಹೋಗಿ ನಕ್ಕಳು. ಅಲ್ಲಿಂದಲೂ ಕೇಳಿಸಿತು.

ಈ ಸಲ ಅವನು ಪುಸ್ತಕದ ದಾರಿಗೇ ಬಂದ: ಗಾಲಿಯ ನಡುವಿನಿಂದ ಕಮಾನಿಗೆ ಟೇಪು. ಆದರೆ ಒಂದು ಸಲ ಏಟು ತಿಂದವನಿಗೆ ತನ್ನ ಢಾಳದ ನೆಲದ ಮೇಲೆ ನಂಬಿಕೆ ಹೋಗಿತ್ತು. ಕಾರಿನ ಭಾರ ಒಂದು ಕಡೆಗೆ ವಾಲಿರುವಾಗ ಯಾವ ಅಳತೆಯೂ ಬೇಡ. ಸಮನೆಲ ಬೇಕು, ಎಲ್ಲರೂ ಒಪ್ಪುವಂಥ ಸಮನೆಲ. ಧನಕವಡಿಯಿಂದ ಕಾತ್ರಜದ ತನಕ ಊರೆಲ್ಲ ಗುಡ್ಡದ ಮೈ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮತ್ತೆ ಆ ಅಜ್ಜಿಯ ಕಣ್ಣೆದುರು ಪೈಪು ಟೇಪು ಹಿಡಿದು ಕೂರಲು ಮುಖವಿರಲಿಲ್ಲ. ಯೋಚಿಸಿ ಯೋಚಿಸಿ ಅವನಿಗೆ ನೆನಪಾದದ್ದು ಮಾರ್ಕೆಟ್ ಯಾರ್ಡಿನ ಲಾರಿ ತೂಗುವ ಕಾಟಾ. ಸರಕು ತುಂಬಿದ ಲಾರಿ ಹತ್ತಿ ನಿಂತು ತೂಗಿಸಿಕೊಳ್ಳುವ ಆ ಕಬ್ಬಿಣದ ಕಟ್ಟೆ ಕೂದಲಷ್ಟು ವಾಲಿದರೂ ವ್ಯಾಪಾರಿಗಳು ಹೊಡೆದಾಡುತ್ತಾರೆ. ಅದನ್ನು ನೋಡಿಕೊಳ್ಳುವವನು ಅವನ ಊರಿನವನೇ ಆದ ಹಣಮಂತ್ರಾಯ.

“ಲೇ ಅಂಬ್ಯಾ, ಇಲ್ಲಿ ಉಳ್ಳಾಗಡ್ಡಿ ತೂಗ್ತಾರ. ರಾಣಿ ತೂಗಂಗಿಲ್ಲ,” ಎಂದ ಹಣಮಂತ್ರಾಯ, ಕಪ್ಪು ಕಾರು ಮಿರಮಿರ ಮಿಂಚುತ್ತ ಕಾಟಾ ಏರಿದಾಗ.

“ತೂಗಬ್ಯಾಡ. ನಿಂದರಸ್ಲಾಕ ಜಾಗ ಕೊಡು ಸಾಕು.”

“ಎಷ್ಟೊತ್ತು?”

“ಒಂದು ಚಹಾ ಕುಡಿಯೂಷ್ಟು.”

ಮಧ್ಯಾಹ್ನದ ಲಾರಿಗಳು ವಿರಳವಾಗಿದ್ದವು. ಅಂಬಾರಾಯ ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದ, ಕಾರಿನಿಂದ ಚಾಪೆ, ನೀರಿನ ಬಾಟಲಿ, ಮಿಥುನನ ಲ್ಯಾಪ್‌ಟಾಪ್ ಚೀಲ, ಕೊನೆಗೆ ಮಿಥುನನನ್ನೂ ಇಳಿಸಿದ. ಕಾಟಾದ ಕಟ್ಟೆಗೆ ಲೆವಲ್ ಪೈಪು ಹಿಡಿದ. ಅಲ್ಲಿ ಅದರ ಕೆಲಸ ಅಷ್ಟೇ. ಆಮೇಲೆ ಗಾಲಿಯ ನಡುವಿಗೆ ಟೇಪು ಹಚ್ಚಿ ಕೂತ. ಅಷ್ಟರಲ್ಲಿ ಈ ಸೊಗಸುಗಾತಿಯನ್ನು ನೋಡಲು ಹಮಾಲರು ನೆರೆದರು. ಒಬ್ಬ ಬಾನೆಟ್ಟಿಗೆ ಆತುಕೊಂಡ. ಅಳತೆ ಕೆಟ್ಟಿತು. ಅಂಬಾರಾಯ ಅವನನ್ನು ಎಬ್ಬಿಸಿ ಮೊದಲಿನಿಂದ ಶುರು ಮಾಡಿದ. ಇನ್ನೊಬ್ಬ, ಇದು ಏಳುತ್ತದಂತೆ ನಿಜವೇ ಎಂದು ಹಿಂದಿನಿಂದ ಎತ್ತಿ ನೋಡಿದ. ಮತ್ತೆ ಮೊದಲಿನಿಂದ.

ಈರುಳ್ಳಿ ಲಾರಿಯೊಂದು ಬಂದು ಹಿಂದೆ ನಿಂತಿತು. ಅದರ ಹಿಂದೆ ಆಲೂಗಡ್ಡೆ. ಅದರ ಹಿಂದೆ ಇನ್ನೇನೋ. ಹಾರ್ನು ಮೊಳಗಿತು. “ಅರೇ ಭಾವೂ, ಚಲ್ ನಾ! ಇದೇನ್ ನಿಮ್ಮ ಶೋರೂಮ?” ಎಂದು ಡ್ರೈವರೊಬ್ಬ ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಕೂಗಿದ. ಅಂಬಾರಾಯ ತಲೆಯೆತ್ತಿ, ಧನಕವಡಿಯ ಕುದುರೆಗಳನ್ನು ನಿಲ್ಲಿಸಿದ ಆ ‘ಶ್ಶ್’ ಅನ್ನು ಪ್ರಯೋಗಿಸಿದ. ಮಾರ್ಕೆಟ್ ಯಾರ್ಡಿಗೆ ಆ ಪುರಾಣ ತಲುಪಿರಲಿಲ್ಲ. ಹಾರ್ನುಗಳು ಇಮ್ಮಡಿಯಾದವು.

“ಅಂಬ್ಯಾ, ನನ್ನ ನೌಕರಿ ತಗೀತಿ ನೀ ಇವತ್ತು,” ಎಂದ ಹಣಮಂತ್ರಾಯ.

“ಒಂದೇ ಗಾಲಿ ಉಳದದ.”

“ಬಾಸ್, ಅವ್ರು ಲಿಟರಲಿ ಇಳ್ಕೊಂಡ್ ಬರ್ತಿದ್ದಾರೆ,” ಎಂದ ಮಿಥುನ.

“ಬರ್ಲಿ. ಗಾಡಿ ಮುಟ್ಟಬ್ಯಾಡ್ರಿ ಅಂತ ಹೇಳ್ರಿ.”

ಡ್ರೈವರು ಬಂದೇಬಿಟ್ಟ, ತೋಳು ಮಡಿಚಿಕೊಂಡು. ಮಿಥುನ ತನಗೆ ಬಂದಷ್ಟು ಮರಾಠಿ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, ಅಜ್ಜಿ, ಮಂಡಿ, ತಮ್ಮನ ಮನೆ, ಭಾನುವಾರ ಎಂದು ತೊದಲಿದ. ಡ್ರೈವರು ಕೇಳಿದ. ಕಾರನ್ನು ನೋಡಿದ. ಕೆಳಗೆ ಕೂತ ಅಂಬಾರಾಯನನ್ನು ನೋಡಿದ. ತನ್ನ ಅವ್ವನಿಗೂ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಹೇಳಿ, ಹಿಂದಿನ ಲಾರಿಗಳ ಕಡೆ ತಿರುಗಿ ಅವನೇ ಕೂಗಿದ: “ಗಪ್ ಬಸಾ ರೇ!” ಅಂಬಾರಾಯನ ‘ಶ್ಶ್’ನಿಂದ ಆಗದ ಕೆಲಸ ಆ ಗಂಟಲಿನಿಂದ ಆಯಿತು.

ಸ್ಕ್ಯಾನರಿನಲ್ಲಿ ನಾಲ್ಕು ಅಳತೆ ಕೂತವು. ಅಂಬಾರಾಯ ಗುಂಡಿ ಒತ್ತಿದ. ವಾಲ್ವುಗಳು ಟಿಕ್ ಟಿಕ್ ಎಂದವು. ಕಾರಿನ ಎಡಭುಜ, ತಪ್ಪು ಒಪ್ಪಿಕೊಂಡವರ ಹಾಗೆ, ಮೆಲ್ಲಗೆ ಇಳಿಯಿತು. ಕಣ್ಣಳತೆಯಲ್ಲಿ ನೋಡಿದರೆ ಸಮ. ಟೇಪಿನಲ್ಲಿ ಸಮ. ಅವನಿಗೆ ಇಷ್ಟಕ್ಕೇ ಸಮಾಧಾನವಾಗಲಿಲ್ಲ. ಒಂದು ಸುತ್ತು ಓಡಿಸಿ, ತಗ್ಗಿಸಿ, ಏರಿಸಿ, ಮತ್ತೆ ಅದೇ ಕಾಟಾದ ಮೇಲೆ ತಂದು ಅಳೆಯುತ್ತೇನೆಂದ. ಹಣಮಂತ್ರಾಯ ಕೈ ಮುಗಿದ. ಅಂಬಾರಾಯ ಈರುಳ್ಳಿ ಲಾರಿಗಳ ಸಾಲಿನ ಕೊನೆಯಲ್ಲಿ ಕಾರು ನಿಲ್ಲಿಸಿ, ತನ್ನ ಸರದಿ ಬರುವ ತನಕ ಕಾದು, ಅಳೆದೇ ಹೋದ.

ಭಾನುವಾರ ಬೆಳಿಗ್ಗೆ ಅವನು ಕರೆಯದೆಯೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಹಾಜರಿದ್ದ. ಮಾನಮ್ಮನೂ ಬಂದಿದ್ದಳು, ಈ ಸಲ ಏನಾದರೂ ಆದರೆ ನಗಲು ಒಬ್ಬರು ಬೇಕಲ್ಲ ಎಂದಿದ್ದಳು. ಪುಟ್ಟತಾಯಮ್ಮ ಹಸಿರು ರೇಷ್ಮೆ ಸೀರೆಯಲ್ಲಿ, ತಲೆತುಂಬ ಮಲ್ಲಿಗೆಯಲ್ಲಿ ಲಿಫ್ಟಿನಿಂದ ಹೊರಬಂದರು. ಯಾರ ಮುಖವನ್ನೂ ನೋಡಲಿಲ್ಲ. ಕಾರಿನ ಎಡಬಾಗಿಲನ್ನು ಮಾತ್ರ ನೋಡಿದರು.

ಕಾರು ತಗ್ಗಿತು.

ಪುಟ್ಟತಾಯಮ್ಮ ಹಿಡಿ ಹಿಡಿದರು. ಕಾಲೆತ್ತಿದರು. ಮಿಥುನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ, ಅವು ತಾವಾಗಿ ಮುಂದೆ ಹೋಗದಿರಲೆಂದು. ಅಂಬಾರಾಯನ ಬಲಗಾಲು ಅವನಿಗರಿವಿಲ್ಲದೆ ತಾನೂ ಸ್ವಲ್ಪ ಮೇಲೆದ್ದಿತ್ತು. ಅಜ್ಜಿಯ ಪಾದ ಅಂಚು ದಾಟಿತು. ಒಳಗೆ ಕೂತಿತು. ಮೈ ಒಂದು ಸಲ ತೂಗಿತು, ನಿಂತಿತು, ಮುಂದಾಯಿತು. ಇನ್ನೊಂದು ಕಾಲೂ ಒಳಗೆ. ಪುಟ್ಟತಾಯಮ್ಮ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡರು.

ಆಮೇಲೆ ಪುಟ್ಟತಾಯಮ್ಮನವರೇ ಆರಂಭಿಸಿದರು.

“ಬಾರಪ್ಪಾ ಇಲ್ಲಿ. ಅವತ್ತು ಎತ್ತರ ಅಂದಾಗ ನೀನು ಜಗಳ ಆಡಿದೆ. ಆಡು. ಆಡೋ ಮನುಷ್ಯ ಆಮೇಲೆ ಮಾಡ್ತಾನೆ ಅಂತ ನನಗೆ ಗೊತ್ತಿತ್ತು. ಮಿಥುನ ಎಲ್ಲಾ ಹೇಳ್ದ, ಲಾರಿ ಸಾಲಲ್ಲಿ ನಿಂತು ಅಳತೆ ತಗೊಂಡ್ಯಂತೆ. ನನ್ನ ಮಕ್ಕಳು ಮೊಮ್ಮಕ್ಕಳೆಲ್ಲ ನನ್ನನ್ನ ಎತ್ತೋಕೆ ನೋಡಿದ್ರು. ಇಳಿಯೋ ಗಾಡಿ ಮಿಥುನ ತಂದ, ಅದನ್ನ ನನ್ನ ಮಂಡಿಗೆ ಇಳಿಸಿಕೊಟ್ಟವನು ನೀನೊಬ್ಬ. ಇವತ್ತು ನನ್ನ ತಮ್ಮನ ಹೊಸ್ತಿಲನ್ನ ನಾನು ನನ್ನ ಕಾಲಲ್ಲಿ ದಾಟ್ತೀನಿ. ಅಲ್ಲಿ ಬಂದಿರೋ ನಾಲ್ಕು ಜನದ ಮುಂದೆ ನಿನ್ನ ಹೆಸರು ಹೇಳ್ತೀನಿ. ಆನೆಯನ್ನೇ ಮಂಡಿ ಊರಿಸಿದ ಗಂಡಸು ಧನಕವಡಿಯಲ್ಲಿದ್ದಾನೆ ಅಂತ ಹೇಳ್ತೀನಿ. ನಿನ್ನ ಕೈ ಇದೆಯಲ್ಲ, ಅದು ಬರೀ ಕೈಯಲ್ಲ ಕಣಪ್ಪ...”

ಮಾನಮ್ಮನ ಕಣ್ಣು ತುಂಬಿತ್ತು. ಮಿಥುನ ಫೋನಿನಲ್ಲಿ ಅಜ್ಜಿಯ ಮಾತನ್ನು ಹಿಡಿಯುತ್ತಿದ್ದ. ಪಾರ್ಕಿಂಗಿನ ವಾಚ್‌ಮನ್ ಕನ್ನಡ ಬಾರದಿದ್ದರೂ ಟೋಪಿ ತೆಗೆದು ನಿಂತಿದ್ದ. ಎಲ್ಲರೂ ಅಂಬಾರಾಯನ ಬಾಯನ್ನೇ ನೋಡಿದರು.

ಅಂಬಾರಾಯ ಕಾರಿನ ಕಡೆ ನೋಡಿದ.

“ಬಾಗಲಾ ಹಾಕ್ರಿ ಅವ್ವಾ. ಬಾಗಲಾ ತೆಗದಿದ್ರ ಗಾಡಿ ಮ್ಯಾಲ ಏಳಂಗಿಲ್ಲ.”